ತುಂಗಮ್ಮನ ದಾವೆಗೆ ಹಕ್ಕುದಾರರು ಯಾರು

ನನ್ನ ಕೆಲಸ ಬಿಕ್ಕಳಿಸುವುದು. ಪುರಸಭೆಯ ಹಾಜರಿ ಪುಸ್ತಕದಲ್ಲಿ ‘ಕಾತ್ಯಾಯಿನಿ, ಪರೀಕ್ಷಾ ವಾಚಕಿ’ ಎಂದು ಬರೆದಿದ್ದರೂ ಊರಿನವರು ಕರೆಯುವುದು ಬಿಕ್ಕಳಿಕೆ ಮೇಡಂ ಎಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಇಪ್ಪತ್ತಾರು ವರ್ಷವಾಯಿತು, ನನ್ನ ಗಂಡನೇ ಹೊರಗಿನವರಿಗೆ ನನ್ನನ್ನು ಹಾಗೆ ಪರಿಚಯ ಮಾಡಿಕೊಡುತ್ತಾರೆ.

ನಮ್ಮೂರಲ್ಲಿ ಯಾವ ಪುಸ್ತಕವನ್ನಾದರೂ ಕಣ್ಣಲ್ಲೇ ಓದಿಕೊಂಡರೆ ಏನೂ ಆಗುವುದಿಲ್ಲ. ಬಾಯಿಬಿಟ್ಟು ಓದಿದರೆ, ಆ ಪುಸ್ತಕದ ಹಕ್ಕು ಇನ್ನೂ ಯಾರದೋ ಕೈಯಲ್ಲಿದ್ದು ಅವರ ಒಪ್ಪಿಗೆ ನಮಗಿಲ್ಲದಿದ್ದರೆ, ನಾಲ್ಕು ಸಾಲು ದಾಟುವಷ್ಟರಲ್ಲಿ ಬಿಕ್ಕಳಿಕೆ ಹತ್ತುತ್ತದೆ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ಅವರ ಹೆಸರು ಹೇಳಿದರೆ ನಿಲ್ಲುತ್ತದೆ ಎಂದು ಎಲ್ಲ ಊರಿನವರೂ ಹೇಳುತ್ತಾರೆ. ನಮ್ಮಲ್ಲಿ ನಿಜವಾಗಿ ನಿಲ್ಲುತ್ತದೆ. ಆದರೆ ಹಕ್ಕುದಾರರ ಹೆಸರನ್ನು ಬಿಕ್ಕಳಿಸುವವರೇ ಹೇಳಬೇಕು. ನೀರು ಕುಡಿದು, ಮೂಗು ಹಿಡಿದು, ಸಕ್ಕರೆ ಮುಕ್ಕಿ ಏನೂ ಪ್ರಯೋಜನವಿಲ್ಲ. ಹಕ್ಕಿನ ಅವಧಿ ಮುಗಿದ ಪುಸ್ತಕವಾದರೆ ಬೆಳಗಿನಿಂದ ಸಂಜೆಯವರೆಗೆ ಕೂಗಿ ಓದಿದರೂ ಗಂಟಲು ತಣ್ಣಗಿರುತ್ತದೆ.

ಇದಕ್ಕೆ ಊರು ಎಂದೋ ಹೊಂದಿಕೊಂಡಿದೆ. ಮದುವೆಮನೆಯಲ್ಲಿ ಹಾಡು ಹೇಳುವ ಹೆಂಗಸರು ಕವಿಗಳ ಮಕ್ಕಳು ಮೊಮ್ಮಕ್ಕಳ ಹೆಸರಿನ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಾರೆ. ಶಾಲೆಯಲ್ಲಿ ಮೇಷ್ಟರು ಪದ್ಯ ಶುರು ಮಾಡುವ ಮೊದಲು ಹಕ್ಕುದಾರರ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಪುರಸಭೆಯ ಅಧ್ಯಕ್ಷರೊಬ್ಬರು ಒಮ್ಮೆ ರಾಜ್ಯೋತ್ಸವದ ಭಾಷಣವನ್ನು ಬಿಕ್ಕಳಿಸುತ್ತಲೇ ಓದುತ್ತಾ ಹೋಗಿ, ಕೊನೆಗೆ ತಡೆಯಲಾರದೆ ಭಾಷಣ ಬರೆದುಕೊಟ್ಟಿದ್ದ ಗುಮಾಸ್ತನ ಹೆಸರನ್ನು ಮೈಕಿನಲ್ಲೇ ಹೇಳಬೇಕಾಯಿತು. ಆ ಗುಮಾಸ್ತನಿಗೆ ಬಿದ್ದ ಚಪ್ಪಾಳೆ ಅಧ್ಯಕ್ಷರಿಗೆ ಆಮೇಲೆಂದೂ ಬೀಳಲಿಲ್ಲ.

ಮಂಗಳವಾರ, ಶುಕ್ರವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಪರೀಕ್ಷೆ ನಡೆಯುತ್ತದೆ. ನಾನು ಹಳೆಯ ಪುಸ್ತಕವೊಂದರ ಎರಡು ಪುಟ ಗಟ್ಟಿಯಾಗಿ ಓದುತ್ತೇನೆ. ಎದುರಿಗೆ ನಮ್ಮ ಮುಖ್ಯ ಗುಮಾಸ್ತರು, ಪಟ್ಟಾಭಿರಾಮಯ್ಯನವರು, ಲೇಖಕರ ವಂಶದ ಪಟ್ಟಿ ಹಿಡಿದು ಕೂತಿರುತ್ತಾರೆ. ಬಿಕ್ಕಳಿಕೆ ಬಂದರೆ ಅವರು ಒಂದೊಂದೇ ಹೆಸರು ಹೇಳಿಕೊಡುತ್ತಾರೆ, ನಾನು ಹೇಳುತ್ತಾ ಹೋಗುತ್ತೇನೆ. ಹಿರಿಮಗ, ಕಿರಿಮಗ, ಸೊಸೆ, ದತ್ತು ಹೋದವನು, ಅಚ್ಚು ಹಾಕಿದವನ ಭಾವಮೈದ. ಸರಿಯಾದ ಹೆಸರು ಬಾಯಿಗೆ ಬಂದ ಕೂಡಲೇ ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತದೆ. ಅವರು ಅದನ್ನು ಬರೆದುಕೊಂಡು, ಒಪ್ಪಿಗೆ ಕೇಳಿ ಕಾಗದ ಹಾಕುತ್ತಾರೆ. ಎರಡು ಪುಟ ಓದಿದರೂ ಏನೂ ಆಗದಿದ್ದರೆ ಪುಸ್ತಕಕ್ಕೆ ‘ಊರಿನದು’ ಎಂದು ಮುದ್ರೆ ಒತ್ತುತ್ತಾರೆ. ಹೆಸರು ಸಿಕ್ಕದಿದ್ದರೆ ಮಾತ್ರ ನನ್ನ ಗತಿ ಕಷ್ಟ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಶಾಮಣ್ಣನವರು, ಕಾವ್ಯನಾಮದ ಹಿಂದೆ ಅಡಗಿ ಕೂತಿದ್ದ ಯಾರೋ ಒಬ್ಬರಿಂದಾಗಿ ಹನ್ನೊಂದು ವರ್ಷ ಬಿಕ್ಕಳಿಸಿದರು. ಅವರ ಹೆಂಡತಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತ ಮೇಲೆ ಒಂದು ತಿಂಗಳು ಆಕೆಗೆ ನಿದ್ದೆ ಹತ್ತಲಿಲ್ಲವಂತೆ.

ಕಳೆದ ಮಾಘಮಾಸದ ಒಂದು ಮಧ್ಯಾಹ್ನ ಮೌನೇಶಾಚಾರ್ ಎಂಬ ಮುದುಕರು ನಮ್ಮ ಕೋಣೆಗೆ ಬಂದರು. ಎಂಬತ್ತನಾಲ್ಕು ವರ್ಷ, ಎರಡು ಕಣ್ಣೂ ಹೋಗಿದ್ದವು. ಅವರಿಗಿಂತ ಎರಡು ವರ್ಷಕ್ಕೆ ಚಿಕ್ಕವರಾದ ತಂಗಿ ನೀಲಮ್ಮ ಕೈಹಿಡಿದು ಕರೆತಂದು, ಬೆಂಚಿನ ಮೇಲೆ ಕೂರಿಸಿ, “ಇಲ್ಲೇ ಇರು ಅಣ್ಣ, ಗಿರಣಿಗೆ ರಾಗಿ ಹಾಕಿ ಬರ್ತೀನಿ,” ಎಂದು ಹೊರಟುಹೋದರು. ಆಕೆಯ ಹೆಜ್ಜೆ ಸಪ್ಪಳ ಮೆಟ್ಟಿಲಿಳಿದ ಮೇಲೆ ಮುದುಕರು ಬಾಯಿಬಿಟ್ಟರು.

“ತಾಯಿ, ರದ್ದಿ ಅಂಗಡಿಯಿಂದ ನಿಮಗೆ ಒಂದು ಪುಸ್ತಕ ಬಂದಿದೆಯಂತಲ್ಲ, ‘ತುಂಗಮ್ಮನ ದಾವೆ’ ಅಂತ. ಅದನ್ನ ಊರಿನದು ಅಂತ ಮಾಡಿ ನನಗೆ ಓದಿ ಹೇಳ್ಬೇಕು. ಪೂರ್ತಿ ಬೇಡ. ಅರ್ಧ ಸಾಕು.”

“ಯಾವ ಅರ್ಧ ತಾತ? ಮೊದಲರ್ಧವೋ ಕೊನೇದೋ?”

“ಸಮಸಂಖ್ಯೆ ಅರ್ಧ,” ಎಂದರು.

ಅವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರಾಗಿದ್ದರು. ಇಪ್ಪತ್ತು ವರ್ಷದವರಾಗಿದ್ದಾಗ ಆ ಕಾದಂಬರಿ ಅಚ್ಚಿಗೆ ಬಂತು. ಬೇಗ ಮುಗಿಯಲೆಂದು ಅಚ್ಚುಕೂಟದ ಯಜಮಾನರು ಹಸ್ತಪ್ರತಿಯ ಹಾಳೆಗಳನ್ನು ಒಂದು ಬಿಟ್ಟು ಒಂದರಂತೆ ಇಬ್ಬರಿಗೆ ಹಂಚಿದರು. ಬೆಸಸಂಖ್ಯೆಯ ಹಾಳೆ ಇವರಿಗೆ, ಸಮಸಂಖ್ಯೆಯ ಹಾಳೆ ಇನ್ನೊಬ್ಬನಿಗೆ. ಹೀಗೆ ಇವರಿಗೆ ಸರಿಯಾಗಿ ಅರ್ಧ ಕಥೆ ಬಾಯಿಪಾಠವಾಯಿತು. ತುಂಗಮ್ಮನ ಗಂಡ ಬೇರೊಬ್ಬಳನ್ನು ಮನೆಗೆ ತಂದು ಇವಳನ್ನು ಹೊರಗೆ ಹಾಕಿ ಬಾಗಿಲು ಜಡಿಯುತ್ತಾನೆ, ಇವಳು ಕೋರ್ಟಿಗೆ ಹೋಗುತ್ತಾಳೆ. ನಡುನಡುವೆ ಏನಾಗುತ್ತದೆ ಎಂಬುದೆಲ್ಲ ಪಕ್ಕದವನ ಪಾಲು.

“ಪಕ್ಕದವರನ್ನೇ ಕೇಳಬಹುದಿತ್ತಲ್ಲ?” ಎಂದೆ.

“ಕೇಳದೆ ಬಿಟ್ಟೆನಾ? ಅವನು ಓದಿ ಜೋಡಿಸೋನಲ್ಲ ತಾಯಿ, ಅಕ್ಷರ ನೋಡಿ ಜೋಡಿಸೋನು. ಇವತ್ತಿನ ಹಾಳೇಲಿ ಏನಿತ್ತಪ್ಪಾ ಅಂದ್ರೆ, ‘ಳಕಾರ ಬಹಳ ಇತ್ತು, ಮೊಳೆ ಸಾಲದೆ ಬಂತು’ ಅಂತಿದ್ದ.”

ಪುಸ್ತಕ ಅಚ್ಚಾದ ಮೇಲೆ ಲೇಖಕರಿಗೂ ಯಜಮಾನರಿಗೂ ಜಗಳ ಹತ್ತಿ, ಪ್ರತಿಗಳೆಲ್ಲ ಗೋದಾಮಿನಲ್ಲೇ ಗೆದ್ದಲು ಪಾಲಾದವು. ಲೇಖಕರು ಎಲ್ಲಿಯವರು ಎಂಬುದು ಇವರಿಗೆ ತಿಳಿಯಲೇ ಇಲ್ಲ. ಹೇಗೋ ಉಳಿದ ಒಂದೇ ಪ್ರತಿ ಈಗ ನಮ್ಮ ಕೈಗೆ ಬರುವಷ್ಟರಲ್ಲಿ ಅವರ ಕಣ್ಣು ಹೋಗಿತ್ತು.

“ಕಥೆ ಗೊತ್ತಾಗದಿದ್ರೆ ಏನಾಯ್ತು ಬಿಡಿ ತಾತ,” ಎಂದುಬಿಟ್ಟೆ. ನನ್ನ ನಾಲಿಗೆ ಸ್ವಲ್ಪ ಹಾಗೇ. ಅವರು ಬಾಗಿಲ ಕಡೆ ಕಿವಿಗೊಟ್ಟು, ದನಿ ತಗ್ಗಿಸಿದರು.

“ಅದೇ ವರ್ಷ ನಮ್ಮ ನೀಲನ್ನ ಅವಳ ಗಂಡ ಹೀಗೇ ಹೊರಗೆ ಹಾಕ್ದ. ಹದಿನೆಂಟಕ್ಕೆ ಬಟ್ಟೆ ಗಂಟು ಹಿಡ್ಕೊಂಡು ನಮ್ಮನೆಗೆ ಬಂದ್ಲು. ಕೋರ್ಟಿಗೆ ಹೋಗ್ಲಾ ಅಣ್ಣ ಅಂತ ಕೇಳಿದ್ಲು. ನೂರ ಎಂಬತ್ತೇಳನೇ ಹಾಳೆ ಅವತ್ತೇ ಜೋಡಿಸಿದ್ದೆ. ನನ್ನ ಪಾಲಿನ ಕೊನೇ ಹಾಳೆ ಅದು. ಜಡ್ಜು ಕನ್ನಡಕ ತೆಗೆದು, ಒರೆಸಿ, ತುಂಗಮ್ಮನ ಮುಖ ನೋಡಿ ನಿಟ್ಟುಸಿರು ಬಿಡ್ತಾರೆ. ಅಲ್ಲಿಗೆ ನಿಲ್ಲುತ್ತೆ. ತೀರ್ಪಿರೋದು ನೂರ ಎಂಬತ್ತೆಂಟರಲ್ಲಿ. ಜಡ್ಜು ನಿಟ್ಟುಸಿರು ಬಿಟ್ರು ಅಂದ್ಮೇಲೆ ಇನ್ನೇನು, ಸೋತ್ಲು ಅಂತಲೇ ಲೆಕ್ಕ ಹಾಕ್ದೆ. ‘ತುಂಗಮ್ಮನಂಥ ಗಟ್ಟಿಗಿತ್ತೀನೇ ಸೋತ್ಲು ಕಣೇ, ನೀನೆಲ್ಲಿ ಗೆಲ್ತೀಯಾ, ಸುಮ್ನಿರು’ ಅಂದ್ಬಿಟ್ಟೆ. ಸುಮ್ನಾದ್ಲು. ಜೀವಮಾನವೆಲ್ಲ ನನ್ನ ಮನೆ ಒಲೆ ಮುಂದೆ ಕೂತ್ಲು. ತುಂಗಮ್ಮ ಗೆದ್ದಿದ್ರೆ, ನನ್ನ ತಂಗಿ ಬದುಕು ಕೆಡಿಸಿದೋನು ನಾನು. ಇಬ್ಬರಲ್ಲಿ ಒಬ್ರು ಹೋಗೋಕೆ ಮುಂಚೆ ಅದು ನನಗೆ ಗೊತ್ತಾಗ್ಬೇಕು ತಾಯಿ.”

ಅರ್ಧ ಕಾದಂಬರಿ ಓದಿ ಒಬ್ಬಳ ಬದುಕು ತೀರ್ಮಾನಿಸುವ ಗಂಡಸು ನಮ್ಮೂರಲ್ಲಿ ಇವರೊಬ್ಬರೇ ಏನಲ್ಲ. ಆದರೆ ಅದನ್ನು ಅರವತ್ತನಾಲ್ಕು ವರ್ಷ ಮನಸ್ಸಿಗೆ ಹಚ್ಚಿಕೊಂಡವರನ್ನು ನಾನು ನೋಡಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಪಟ್ಟಾಭಿರಾಮಯ್ಯನವರು ತಮ್ಮ ಮರಣದ ರಿಜಿಸ್ಟರ್ ತೆಗೆದರು. ಆ ರಿಜಿಸ್ಟರಿನ ಬಗ್ಗೆ ಅವರಿಗಿರುವ ಹೆಮ್ಮೆ ಅವರ ಮಕ್ಕಳ ಬಗ್ಗೆಯೂ ಇಲ್ಲ. ನಮ್ಮ ಊರಿನಲ್ಲಿ ಲೇಖಕ ಸತ್ತ ಅರವತ್ತು ವರ್ಷಕ್ಕೆ ಪುಸ್ತಕದ ಹಕ್ಕು ಮುಗಿಯುತ್ತದೆ. ಸಂವತ್ಸರಗಳೂ ಅರವತ್ತೇ, ಅರವತ್ತಾದ ಮೇಲೆ ಅದೇ ಹೆಸರು ಮತ್ತೆ ಬರುತ್ತದೆ. ಆದ್ದರಿಂದ ಇಸವಿಯ ಕೂಡುವ ಕಳೆಯುವ ಗೋಜೇ ಬೇಡವೆಂದು ಇವರು ಲೇಖಕರ ಸಾವನ್ನು ಸಂವತ್ಸರದ ಹೆಸರಿನಲ್ಲೇ ಬರೆದಿಡುತ್ತಾರೆ. ವಿಕಾರಿ ಸಂವತ್ಸರದಲ್ಲಿ ಸತ್ತವರ ಪುಸ್ತಕಕ್ಕೆ ಮುಂದಿನ ವಿಕಾರಿ ಮುಗಿದರೆ ಬಿಡುಗಡೆ.

“ವೈಕುಂಠಯ್ಯ, ಕೋರ್ಟು ಗುಮಾಸ್ತ, ಗ್ರಂಥ ಒಂದು,” ಎಂದು ಬೆರಳಿಟ್ಟು ಓದಿದರು. “ವಿಕಾರಿ ಸಂವತ್ಸರ, ಭಾದ್ರಪದ ಬಹುಳ ಪಂಚಮಿ. ವಿಕಾರಿ ಕಳೆದು ಮೂರು ವರ್ಷ ಆಯ್ತಲ್ಲ ಕಾತ್ಯಾಯಿನಮ್ಮ, ಪುಸ್ತಕ ಊರಿನದೇ. ಕಣ್ಣುಮುಚ್ಚಿ ಓದಿ.” ಮುದ್ರೆಯನ್ನು ಇಂಕಿನ ಪ್ಯಾಡಿಗೆ ಒತ್ತಿಯೂ ಆಯಿತು.

ನಾನು ಪುಸ್ತಕ ತೆರೆದು ಮೊದಲ ಸಾಲು ಓದಿದೆ. ಎರಡನೆಯ ಸಾಲಿಗೆ ಹಿಕ್ ಎಂದಿತು. ಸಾಮಾನ್ಯದ್ದಲ್ಲ, ಹೊಟ್ಟೆಯ ತಳದಿಂದ ಬಂದು ತಲೆಯ ಮೇಲಿನ ಕ್ಲಿಪ್ಪು ಹಾರಿಸುವಂಥದ್ದು. ಪಟ್ಟಾಭಿರಾಮಯ್ಯನವರು ಮುದ್ರೆಯನ್ನು ಗಾಳಿಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು. ಅವರ ರಿಜಿಸ್ಟರಿಗೆ ನನ್ನ ಗಂಟಲು ಎದುರಾಡಿದ್ದು ಅದೇ ಮೊದಲು. “ನೀವು ಬೆಳಗ್ಗೆ ಏನು ತಿಂದ್ರಿ?” ಎಂದರು.

ಸಂಜೆಯವರೆಗೆ ಹೆಸರು ಹೇಳಿದೆ. ಅಚ್ಚುಕೂಟದ ಯಜಮಾನರು, ಅವರ ಮಕ್ಕಳು, ಕಾಗದ ಸರಬರಾಜು ಮಾಡಿದ ಅಂಗಡಿಯವರು, ಮುಖಪುಟದ ಚಿತ್ರ ಬರೆದವರು, ಕೊನೆಗೆ ರದ್ದಿ ಅಂಗಡಿಯ ಬಷೀರ್ ಸಾಬರು. ಯಾವುದಕ್ಕೂ ನಿಲ್ಲಲಿಲ್ಲ. ಮನೆಗೆ ಹೋದೆ, ಹುಳಿ ಚೆಲ್ಲಿದೆ. ಗಂಡ ತಟ್ಟೆಯನ್ನು ಸ್ವಲ್ಪ ದೂರ ಸರಿಸಿಕೊಂಡು ಊಟ ಮಾಡಿದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಶಾಮಣ್ಣನವರ ಹನ್ನೊಂದು ವರ್ಷ ಕಣ್ಣ ಮುಂದೆ ಬಂದು ಅಳು ಬಂತು. ಅಳುವಾಗ ಬಿಕ್ಕಳಿಕೆ ಬಂದರೆ ನೋಡುವವರಿಗೆ ಅದು ಇನ್ನೂ ದೊಡ್ಡ ಅಳುವಿನಂತೆ ಕಾಣುತ್ತದೆ, ಹಾಗಾಗಿ ಅಳುವುದನ್ನೂ ಬಿಟ್ಟೆ.

ಮೌನೇಶಾಚಾರ್ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನನ್ನ ಬಿಕ್ಕಳಿಕೆ ಕೇಳಿದರೆ ಸಾಕು, ಇನ್ನೂ ಸಿಕ್ಕಿಲ್ಲವೆಂದು ಅವರಿಗೆ ತಿಳಿಯುತ್ತಿತ್ತು. ಪಟ್ಟಾಭಿರಾಮಯ್ಯನವರಿಗೆ ಕನಿಕರ ಬಂದು, “ಆಚಾರ್ರೇ, ನಾನು ಕಣ್ಣಲ್ಲೇ ಆ ಕೊನೇ ಹಾಳೆ ಓದ್ಕೊಂಡು ನನ್ನ ಮಾತಲ್ಲಿ ಸಾರಾಂಶ ಹೇಳ್ಬಿಡ್ತೀನಿ, ಅದಕ್ಕೆ ಬಿಕ್ಕಳಿಕೆ ಬರಲ್ಲ,” ಎಂದರು.

“ಬೇಡಿ ಸ್ವಾಮಿ,” ಎಂದು ಮುದುಕರು ಕೈ ಅಡ್ಡ ಮಾಡಿದರು. “ಅರ್ಧ ಓದಿ ಪೂರ್ತಿ ತಿಳ್ಕೊಂಡು ಒಂದ್ಸಲ ಕೆಟ್ಟಿದೀನಿ. ನಿಮ್ಮ ಬಾಯಲ್ಲಿ ಬಂದ್ರೆ ನಿಮಗೆ ತಿಳಿದಷ್ಟೇ ಬರುತ್ತೆ. ಪುಸ್ತಕದಲ್ಲಿರೋ ಅಕ್ಷರ ಒಂದೂ ಬಿಡದೆ ನನ್ನ ಕಿವಿಗೆ ಬೀಳ್ಬೇಕು.”

ನಾನೂ ಇಣುಕಿ ನೋಡಿರಲಿಲ್ಲ. ಪರೀಕ್ಷೆಗೆ ಬಂದ ಪುಸ್ತಕವನ್ನು ಮೊದಲೇ ಕಣ್ಣಾಡಿಸಿದರೆ ಗಂಟಲು ಕೆಡುತ್ತದೆ ಎಂಬುದು ನನ್ನ ನಂಬಿಕೆ. ಪಟ್ಟಾಭಿರಾಮಯ್ಯನವರಂತೂ ತಾವಾಗಿ ಯಾವ ಪುಸ್ತಕದಲ್ಲೂ ಹಕ್ಕಿನ ಸಾಲು ದಾಟಿ ಮುಂದೆ ಓದಿದವರಲ್ಲ.

ಆರನೆಯ ದಿನ ಸೊಪ್ಪು ಕೊಳ್ಳಲು ನಿಂತಿದ್ದೆ. ಸೊಪ್ಪಿನ ಕೆಂಪಮ್ಮ ನನ್ನ ಬಿಕ್ಕಳಿಕೆ ಕೇಳಿ, “ಯಾರ ಪುಸ್ತಕ ಕಣವ್ವ ಇದು, ಇಷ್ಟು ಹಟ ಮಾಡ್ತೈತೆ?” ಎಂದಳು. ವೈಕುಂಠಯ್ಯ ಎಂದು ಎರಡು ಕಂತಿನಲ್ಲಿ ಹೇಳಿದೆ.

“ಯಾರು, ಕೋರ್ಟಲ್ಲಿದ್ರಲ್ಲ, ಅವರಾ? ಮಹಡಿಮನೆ ತಾತ? ವಾಚನಾಲಯದ ಹಿಂದಿನ ಓಣಿಯೋರು. ದಿನಾ ನನ್ನತ್ರ ದಂಟು ತಗೊಳ್ಳೋರು. ಮೊನ್ನೆ ಮೊನ್ನೆ ತೀರ್ಕೊಂಡ್ರು. ತೊಂಬತ್ತಾರು ತುಂಬಿತ್ತು.”

ಸೊಪ್ಪು ಅಲ್ಲೇ ಬಿಟ್ಟು ವಾಚನಾಲಯಕ್ಕೆ ಓಡಿದೆ. ವೈಕುಂಠಯ್ಯನವರು ಸತ್ತದ್ದು ವಿಕಾರಿಯಲ್ಲೇ, ಪಟ್ಟಾಭಿರಾಮಯ್ಯನವರು ಬರೆದದ್ದು ಅಕ್ಷರಶಃ ಸರಿ. ಆದರೆ ಹಿಂದಿನ ವಿಕಾರಿಯಲ್ಲಲ್ಲ, ಮೊನ್ನೆಯ ವಿಕಾರಿಯಲ್ಲಿ. ಮೂರು ವರ್ಷದ ಹಿಂದಿನವರೆಗೆ ನಮ್ಮ ಕಿಟಕಿಯ ಹಿಂದೆಯೇ ಬದುಕಿದ್ದ ಮನುಷ್ಯನನ್ನು ನಾವು ಅರವತ್ತು ವರ್ಷ ಹಿಂದಕ್ಕೆ ತಳ್ಳಿ ಸಾಯಿಸಿದ್ದೆವು. ಹೇಳಿದಾಗ ಪಟ್ಟಾಭಿರಾಮಯ್ಯನವರು ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟು, “ಮಹಡಿಮನೆ ತಾತನಾ? ಅವರ ವೈಕುಂಠ ಸಮಾರಾಧನೆಗೆ ನಾನು ಹೋಗಿದ್ದೆನಲ್ಲ. ಒಬ್ಬಟ್ಟು ಚೆನ್ನಾಗಿತ್ತು,” ಎಂದರು.

ಮಹಡಿಮನೆಯಲ್ಲಿ ವೈಕುಂಠಯ್ಯನವರ ಒಬ್ಬಳೇ ಮಗಳು ಅಂಬುಜಾಕ್ಷಮ್ಮ ಬಾಗಿಲು ತೆರೆದರು. ಹಕ್ಕುದಾರರು ಇವರೇ ಎಂದು ನಾನು ಎದೆ ತುಂಬ ಉಸಿರೆಳೆದುಕೊಂಡು, “ಅಂಬುಜಾಕ್ಷಮ್ಮ,” ಎಂದೆ. ಹಿಕ್. ಆಕೆ ನನ್ನನ್ನೂ ನನ್ನ ಹಿಂದೆ ರಿಜಿಸ್ಟರ್ ಅವುಚಿಕೊಂಡು ನಿಂತ ಪಟ್ಟಾಭಿರಾಮಯ್ಯನವರನ್ನೂ ನೋಡಿ, “ಓ, ಅಪ್ಪನ ಪುಸ್ತಕವಾ? ಅದು ಈಗ ನಂದಲ್ಲ ಕಣ್ರೀ, ಕೊಟ್ಬಿಟ್ಟೆ,” ಎಂದರು.

ಆಕೆಯ ಮಗಳು ಸುಮೇಧಾ ತವರಿಗೆ ಬಂದಿದ್ದಳು, ಹೆರಿಗೆಯಾಗಿ ಇಪ್ಪತ್ತಮೂರು ದಿನವಾಗಿತ್ತು, ಹೆಣ್ಣು ಮಗು. ಮಗುವಿನ ಮುಖವನ್ನು ಮೊದಲ ಸಲ ಬರಿಗೈಯಲ್ಲಿ ನೋಡಬಾರದು ಎಂಬುದು ಎಲ್ಲರ ಮನೆಯ ಶಾಸ್ತ್ರ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಅಜ್ಜಿಯ ಕೈಯಲ್ಲಿ ಏನೂ ಇರಲಿಲ್ಲ. ನರ್ಸಿನ ಹತ್ತಿರ ಒಂದು ಚೀಟಿ ಈಸಿಕೊಂಡು, ‘ನಮ್ಮ ತಂದೆಯವರ ಪುಸ್ತಕದ ಸರ್ವ ಹಕ್ಕುಗಳೂ ಈ ಮಗುವಿಗೆ ಸೇರಿದ್ದು’ ಎಂದು ಬರೆದು ರುಜು ಹಾಕಿ, ಮಡಿಸಿ ಅದರ ಮುಷ್ಟಿಯಲ್ಲಿಟ್ಟಿದ್ದರು. ಮಗು ಅದನ್ನು ಬಿಗಿಯಾಗಿ ಹಿಡಿದುಕೊಂಡಿತಂತೆ.

“ಸರಿ, ಹಿಕ್, ಮಗುವಿನ ಹೆಸರೇನು?” ಎಂದೆ.

“ಅದೇ ಆಗಿರೋ ಫಜೀತಿ,” ಎಂದು ಅಂಬುಜಾಕ್ಷಮ್ಮ ಒಳಮನೆಯ ಕಡೆ ನೋಡಿ ಗಂಟು ಮುಖ ಹಾಕಿದರು. “ಹೆಸರಿಟ್ಟಿಲ್ಲ.”

ಹನ್ನೊಂದನೆಯ ದಿನ ಆಗಬೇಕಿದ್ದ ನಾಮಕರಣ ನಿಂತುಹೋಗಿತ್ತು. ಇವರಿಗೆ ತಮ್ಮ ತಾಯಿಯ ಹೆಸರು ಮಂದಾಕಿನಿ ಬೇಕು. ಮಗುವಿನ ತಂದೆಯ ತಾಯಿ ಗಿರಿಜಮ್ಮ ಬೀಗಿತ್ತಿಯ ಮನೆಯಲ್ಲೇ ಚಾಪೆ ಹಾಸಿ ಕೂತುಬಿಟ್ಟಿದ್ದರು, ಅವರಿಗೆ ಜಾತಕದ ಪ್ರಕಾರ ಚಕಾರದಲ್ಲಿ ಬೇಕು, ಚಾರುಲತಾ ಎಂದೇ ಆಗಬೇಕು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಬೇರೆ ಬೇರೆ ಸಾರು ಮಾಡುತ್ತಿದ್ದರು.

ನಾನು ತೊಟ್ಟಿಲ ಬಳಿ ಹೋಗಿ ಒಂದು ಕೈ ನೋಡಿದೆ. ಪಾಪು ಎಂದೆ, ಹಿಕ್. ಚಿನ್ನಿ ಎಂದೆ, ಹಿಕ್. ಪುಟ್ಟಿ ಎಂದಾಗ ಬಿಕ್ಕಳಿಕೆ ಕ್ಷಣಕಾಲ ತಡೆದು, ಯೋಚಿಸಿ, ಬೇಡವೆಂದು ಮತ್ತೆ ಬಂತು. ಇದನ್ನು ಕಂಡ ಅಜ್ಜಿಯರಿಬ್ಬರಿಗೂ ಒಮ್ಮೆಲೇ ಒಂದೇ ಉಪಾಯ ಹೊಳೆಯಿತು. ಅಂಬುಜಾಕ್ಷಮ್ಮ ನನ್ನ ಬಲತೋಳು ಹಿಡಿದು, “ಮಂದಾಕಿನಿ ಅಂತ ಹೇಳಿ ನೋಡಿ. ಯಾವುದಕ್ಕೆ ನಿಲ್ಲುತ್ತೋ ಅದೇ ಹೆಸರು,” ಎಂದರು. ಗಿರಿಜಮ್ಮ ಎಡತೋಳು ಹಿಡಿದು, “ಚಾರುಲತಾ ಅನ್ನಿ, ಸ್ಪಷ್ಟವಾಗಿ ಅನ್ನಿ,” ಎಂದರು. ನಾನು ಎರಡನ್ನೂ ಹೇಳಿದೆ. ಎರಡಕ್ಕೂ ನಿಲ್ಲಲಿಲ್ಲ.

“ನೀವು ನನ್ನ ಹೆಸರಿಗೆ ಬೇಕಂತಲೇ ಬಿಕ್ಕಿದ್ರಿ,” ಎಂದರು ಗಿರಿಜಮ್ಮ.

“ಅಮ್ಮಾ, ಇಡದ ಹೆಸರಿಗೆ ನಿಲ್ಲೋದು, ಹಿಕ್, ಹೇಗೆ? ಮೊದಲು ನೀವು ಒಂದು ಇಡಿ!” ನನಗೆ ತಲೆಕೆಟ್ಟಿತ್ತು.

ಇನ್ನೂ ಮೂರು ದಿನ ಇದೇ ಆಯಿತು. ಊರಿನ ಅರ್ಧ ಜನ ಮಂದಾಕಿನಿ ಕಡೆ, ಅರ್ಧ ಜನ ಚಾರುಲತಾ ಕಡೆ ಸೇರಿದರು. ಪಟ್ಟಾಭಿರಾಮಯ್ಯನವರು ಎರಡೂ ಕೂಡಿಸಿ ಮಂದಾಚಾರು ಎಂದು ಸೂಚಿಸಿ ಎರಡೂ ಕಡೆಯಿಂದ ಬೈಸಿಕೊಂಡರು. ಒಂಬತ್ತನೆಯ ದಿನ ಮೌನೇಶಾಚಾರ್ ಅವರೇ ತಂಗಿಯ ಕೈಹಿಡಿದು ಮಹಡಿಮನೆಯ ಮೆಟ್ಟಿಲು ಹತ್ತಿ ಬಂದರು. ಅಜ್ಜಿಯರ ವಾಗ್ವಾದವನ್ನು ನಿಂತೇ ಕೇಳಿಸಿಕೊಂಡು, ನಡುವೆ ಜಾಗ ಸಿಕ್ಕಿದಾಗ ಕೈಮುಗಿದರು.

“ಅವ್ವಂದಿರಾ, ನನಗೆ ಎಂಬತ್ತನಾಲ್ಕು. ಹೆಣ್ಣುಮಗಳ ವಿಷಯಾನ ಬೇರೆಯೋರು ಕೂತು ತೀರ್ಮಾನ ಮಾಡೋದು ನನಗೆ ಗೊತ್ತು, ನಾನು ಒಂದು ಮಾಡಿದೀನಿ. ಈ ಕೂಸಿನ ತಾಯಿ ಏನಂತಾಳೆ?”

ಎಲ್ಲರೂ ತಿರುಗಿ ಸುಮೇಧಾಳನ್ನು ನೋಡಿದೆವು. ಅವಳು ಮೂಲೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಕಿವಿಯ ಹತ್ತಿ ತೆಗೆದು, ಎದ್ದು ಬಂದು, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಹೇಮಾವತಿ,” ಎಂದಳು.

“ಹೇಮಾವತಿ,” ಎಂದೆ ನಾನು. ಬಿಕ್ಕಳಿಕೆ ಬರಲಿಲ್ಲ. ಒಂಬತ್ತು ದಿನದ ಮೇಲೆ ನನ್ನ ಎದೆಗೂಡು ಅಲುಗದೆ ನಿಂತಿತು, ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಜ್ಜಿಯರಿಬ್ಬರೂ ಮೊದಲ ಬಾರಿಗೆ ಒಂದಾಗಿ, “ನಮ್ಮ ಕಡೆ ಯಾರಿಗೂ ಇಲ್ಲದ ಹೆಸರು!” ಎಂದು ಗೊಣಗಿದರು.

ಇನ್ನು ಒಪ್ಪಿಗೆ ಆಗಬೇಕಿತ್ತು. ಪಟ್ಟಾಭಿರಾಮಯ್ಯನವರು ನಿಯಮ ಬಿಡುವವರಲ್ಲ. ತೊಟ್ಟಿಲ ಪಕ್ಕದಲ್ಲಿ ನಿಂತು, “ಮಾನ್ಯ ಹಕ್ಕುದಾರರಾದ ಕುಮಾರಿ ಹೇಮಾವತಿಯವರೇ, ತಮ್ಮ ಮುತ್ತಾತನವರ ಗ್ರಂಥವನ್ನು ಸಾರ್ವಜನಿಕರಿಗೆ ಓದಿ ಹೇಳಲು ತಮ್ಮ ಅಭ್ಯಂತರವಿದೆಯೇ?” ಎಂದು ಅರ್ಜಿ ಓದಿದರು. ಹಕ್ಕುದಾರರು ಆಕಳಿಸಿದರು. ‘ಅಭ್ಯಂತರವಿಲ್ಲ’ ಎಂದು ಬರೆದುಕೊಂಡು, ತಾಯಿಯ ರುಜು ಹಾಕಿಸಿಕೊಂಡು, ಮಗುವಿನ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದು ಕಡಲೆಬೇಳೆಯಷ್ಟು ಬಿತ್ತು.

ಓದು ವಾಚನಾಲಯದ ಜಗಲಿಯಲ್ಲಿ ಆರು ಮಧ್ಯಾಹ್ನ ನಡೆಯಿತು. ನಾನು ಎಲ್ಲವನ್ನೂ ಓದಿದೆ, ಅರ್ಧವನ್ನೇ ಆರಿಸಿ ಓದಲು ಆಗುವುದಿಲ್ಲವಲ್ಲ. ಮೌನೇಶಾಚಾರ್ ತಮ್ಮ ಪಾಲಿನ ಹಾಳೆ ಬಂದಾಗ ನನಗಿಂತ ಒಂದು ಪದ ಮುಂದಾಗಿ ತುಟಿ ಆಡಿಸುತ್ತಿದ್ದರು. ಮುಗಿದ ಕೂಡಲೇ ಬೆರಳೆತ್ತಿ, “ಇಲ್ಲಿಂದ ಅವನದು,” ಎನ್ನುತ್ತಿದ್ದರು. ಆಮೇಲೆ ಅವರ ಮುಖ ನೋಡುವುದೇ ಒಂದು ಚಂದ. “ಓ, ಹಾಗಾದ್ರೆ ಪತ್ರ ಬರೆದೋನು ಭಾವನಾ! ಅದಕ್ಕೇ ಮುಂದಿನ ಹಾಳೇಲಿ ಅವನು ಊಟ ಬಿಟ್ಟಿದ್ದು!” ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ನೀಲಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತುಂಗಮ್ಮನನ್ನು ಹೊರಗೆ ಹಾಕುವ ಭಾಗ ಓದುವಾಗ ಮುದುಕರು ತಂಗಿಯ ಕಡೆ ಮುಖ ತಿರುಗಿಸಲಾರದೆ ಗೋಡೆಯ ಕಡೆ ತಿರುಗಿಕೊಂಡರು. ನೀಲಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಆರನೆಯ ದಿನ ನೂರ ಎಂಬತ್ತೇಳನೆಯ ಹಾಳೆಗೆ ಬಂದೆವು. ಜಗಲಿ ತುಂಬಿತ್ತು, ಅಜ್ಜಿಯರಿಬ್ಬರೂ ಬಂದಿದ್ದರು, ಸುಮೇಧಾ ಮಗುವನ್ನೂ ತಂದಿದ್ದಳು. ನ್ಯಾಯಾಧೀಶರು ಕನ್ನಡಕ ತೆಗೆದರು. ಒರೆಸಿದರು. ತುಂಗಮ್ಮನ ಮುಖ ನೋಡಿ ನಿಟ್ಟುಸಿರು ಬಿಟ್ಟರು. ಮೌನೇಶಾಚಾರ್ ಬೆರಳೆತ್ತಿದರು. ನಾನು ಪುಟ ತಿರುವಿ ಓದಿದೆ.

“ಊಟದ ಹೊತ್ತು ಮೀರಿ ಹೋಗಿತ್ತು. ‘ವಾದಿಯ ಪರ ವಕೀಲರು ಇನ್ನೊಂದು ದಾಖಲೆ ಹಾಜರುಪಡಿಸಲು ಕಾಲಾವಕಾಶ ಕೋರಿದ್ದಾರೆ. ದಾವೆಯನ್ನು ಮುಂದಿನ ತಿಂಗಳು ಹದಿನಾಲ್ಕನೆಯ ತಾರೀಖಿಗೆ ಮುಂದೂಡಲಾಗಿದೆ,’ ಎಂದು ನ್ಯಾಯಾಧೀಶರು ಎದ್ದರು. ತುಂಗಮ್ಮ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. ಗಾಡಿ ಕಾಯುತ್ತಿತ್ತು.”

ಕೆಳಗೆ ಒಂದು ಹೂಬಳ್ಳಿಯ ಚಿತ್ರ, ಅದರ ಕೆಳಗೆ ‘ಮುಗಿಯಿತು’ ಎಂದಿತ್ತು. ಅದನ್ನೂ ಓದಿದೆ.

“ಆಮೇಲೆ?” ಎಂದರು ಮೌನೇಶಾಚಾರ್.

“ಅಷ್ಟೇ ತಾತ.”

“ಹಾಳೆ ಅಂಟಿಕೊಂಡಿರಬೇಕು. ನೋಡಿ ತಾಯಿ.”

ಹಾಳೆ ಅಂಟಿಕೊಂಡಿರಲಿಲ್ಲ. ದಿನಾ ಕೋರ್ಟಿನಲ್ಲಿ ವಾಯಿದೆ ಬರೆಯುತ್ತಿದ್ದ ಗುಮಾಸ್ತರು ತಮಗೆ ತಿಳಿದ ಮುಕ್ತಾಯವನ್ನೇ ಕಾದಂಬರಿಗೂ ಕೊಟ್ಟಿದ್ದರು. ಜಗಲಿಯಲ್ಲಿ ಯಾರೋ ನಕ್ಕರು, ಯಾರೋ ಛೆ ಎಂದರು. ಅಂಬುಜಾಕ್ಷಮ್ಮ, “ಅಪ್ಪ ಯಾವಾಗ್ಲೂ ಹಾಗೇ,” ಎಂದರು. ನನಗೆ ಆ ಸತ್ತ ಮನುಷ್ಯನನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು ಬಂತು. ಒಂಬತ್ತು ದಿನ ಬಿಕ್ಕಳಿಸಿದ್ದು ಇದಕ್ಕಾ! ಆದರೆ ಮುದುಕರ ಮುಖ ನೋಡಿ ಸಿಟ್ಟು ಇಳಿದುಹೋಯಿತು. ಅವರು ಕುರುಡುಗಣ್ಣು ತೆರೆದುಕೊಂಡು, ಮಡಿಲಲ್ಲಿ ಎರಡು ಕೈ ಇಟ್ಟುಕೊಂಡು, ಹೋಗಲು ಜಾಗವಿಲ್ಲದವರಂತೆ ಕೂತಿದ್ದರು.

“ನೀಲಾ,” ಎಂದರು. “ತುಂಗಮ್ಮ ಸೋತಿರ್ಲಿಲ್ಲ ಕಣೇ. ಯಾರೂ ಸೋತಿರ್ಲಿಲ್ಲ. ನಾನು ಸುಮ್ಮಸುಮ್ಮನೆ ನಿನ್ನ ತಡೆದೆ.”

ನೀಲಮ್ಮ ಮೊರದಲ್ಲಿದ್ದ ಕಾಳನ್ನು ಒಂದು ಕಡೆ ಮಾಡಿ, ಸಿಪ್ಪೆಯನ್ನು ಒಂದು ಕಡೆ ಮಾಡಿದರು.

“ನೀನೆಲ್ಲಿ ತಡೆದೆ ಅಣ್ಣ? ನಾನು ಹೋಗಿದ್ದೆನಲ್ಲ.”

“ಎಲ್ಲಿಗೆ?”

“ಕೋರ್ಟಿಗೆ. ಹೊಲಿಗೆ ಕಲಿಯೋಕೆ ಅಂತ ಎರಡು ವರ್ಷ ಹೋಗ್ತಿದ್ದೆನಲ್ಲ, ನಾನು ಒಂದು ರವಿಕೆ ಹೊಲಿದಿದ್ದು ನೋಡಿದೀಯಾ? ಹದಿನೇಳು ವಾಯಿದೆ ಆಯ್ತು. ಗೆದ್ದೆ. ಆ ಮನೇಲಿ ಇರೋಕೆ ನನಗೆ ಹಕ್ಕಿದೆ, ನನ್ನ ತಡೆಯೋಕೆ ಅವನಿಗೆ ಹಕ್ಕಿಲ್ಲ ಅಂತ ಜಡ್ಜು ಎಲ್ಲರೆದುರಿಗೆ ಓದಿದ್ರು. ಕೇಳಿ ಎದ್ದು ಬಂದೆ. ಹಕ್ಕು ಸಿಕ್ಕಿದ ಮೇಲೆ ಆ ಮನೆ ಹೊಸ್ತಿಲು ತುಳಿಯೋ ಮನಸ್ಸೇ ಆಗ್ಲಿಲ್ಲ. ಅವತ್ತು ನಿನಗೆ ಹೇಳಿದ್ರೆ, ಗೆದ್ದಿದ್ದೀಯಲ್ಲ ಹೋಗು ಅಂತ ಗಾಡಿ ಕಟ್ಟಿಸ್ತಿದ್ದೆ.”

ಮೌನೇಶಾಚಾರ್ ಅವರ ಕುರುಡುಗಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅರವತ್ತು ವರ್ಷ ಇದನ್ನೇ ಹಚ್ಕೊಂಡು ಕೊರಗಿದೀನಿ ಕಣೇ ನಾನು. ಆಮೇಲಾದ್ರೂ ಒಂದು ಮಾತು ಹೇಳಬಾರದಿತ್ತಾ?”

“ನೀನು ನನ್ನ ಕೇಳಿದ್ರೆ ತಾನೇ ಹೇಳೋದು,” ಎಂದರು ನೀಲಮ್ಮ. “ನೀನು ಯಾವಾಗ್ಲೂ ತುಂಗಮ್ಮಂಗೆ ಏನಾಯ್ತೋ, ತುಂಗಮ್ಮಂಗೆ ಏನಾಯ್ತೋ ಅಂತಿದ್ದೆ.”

ಮುದುಕರು ಕೈ ಚಾಚಿ ಗಾಳಿಯಲ್ಲಿ ತಡವರಿಸಿ, ತಂಗಿಯ ಮೊಣಕೈ ಹಿಡಿದುಕೊಂಡರು. “ಈಗ ಕೇಳ್ತಿದೀನಿ,” ಎಂದರು. “ಮೊದಲನೇ ವಾಯಿದೆಯಿಂದ ಹೇಳು. ಒಂದೂ ಬಿಡಬೇಡ.”

ನಾನು ಪುಸ್ತಕ ಮುಚ್ಚಿದೆ.